ಪ್ಲಗ್ ಕಿತ್ತ ಮೇಲೂ

ಮೊಳಕಾಲ್ಮೂರು
9 ಮೇ 2024

ಕಾಂಚನಾ ಅವರಿಗೆ,

ನಮ್ಮಿಬ್ಬರಿಗೆ ಪರಿಚಯವಿಲ್ಲ. ನಾನು ಶಿವರಾಮ ಅವರ ಹೆಂಡತಿ, ಪದ್ಮಶ್ರೀ. ಮದುವೆಗೆ ಮುಂಚೆ ಅವರು ಚಳ್ಳಕೆರೆಯಲ್ಲಿ ನಿಮ್ಮ ಸ್ಟುಡಿಯೋದಲ್ಲಿ ಕೆಲಸ ಕಲಿತರು, ಆಮೇಲೆ ಏನೋ ಮಾತು ಬಂದು ಬಿಟ್ಟು ಬಂದರು ಎಂಬಷ್ಟು ನನಗೆ ಗೊತ್ತು. ಏನು ಮಾತು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಾರ್ಚಿನಲ್ಲಿ ಅವರು ತೀರಿಕೊಂಡರು. ಸುದ್ದಿ ನಿಮಗೆ ಮುಟ್ಟಿರಬಹುದು. ಮಣ್ಣಿಗೆ ನೀವು ಬಂದಿದ್ದಿರೋ ಇಲ್ಲವೋ ನೆನಪಿಲ್ಲ. ಆ ದಿನ ಯಾರು ಬಂದರು, ಯಾರು ನನ್ನ ಪಕ್ಕ ಕೂತರು, ಒಂದೂ ನೆನಪಿಲ್ಲ.

ನಮ್ಮ ಮನೆಯ ಮುಂದಿನ ಕೋಣೆಯೇ ಅವರ ಸ್ಟುಡಿಯೋ. ನೇಕಾರರು ರೇಷ್ಮೆ ಸೀರೆ ತರುತ್ತಿದ್ದರು, ಇವರು ಫೋಟೊ ತೆಗೆದು ಕೊಡುತ್ತಿದ್ದರು. ಜರಿಯ ಬಣ್ಣ ಇದ್ದ ಹಾಗೇ ಬರಬೇಕು ಎಂದು ಮೂರು ದೊಡ್ಡ ಫ್ಲ್ಯಾಶ್ ಲೈಟುಗಳನ್ನು ತಂದಿದ್ದರು. ಹೊಸವಲ್ಲ, ಯಾರೋ ಬಳಸಿ ಬಿಟ್ಟವು. ಅವರು ಹೋದ ದಿನ ಅವುಗಳಲ್ಲೊಂದು ಹೊಡೆಯಲಿಲ್ಲ, ಬೆಳಕೇ ಬರಲಿಲ್ಲ. ಸೀರೆಯವರು ಜಗಲಿಯ ಮೇಲೆ ಕಾಯುತ್ತಿದ್ದರು. ಇವರು ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಲೈಟನ್ನು ನೆಲದ ಮೇಲೆ ಇಟ್ಟುಕೊಂಡು ಬಿಚ್ಚಿದರು. ನಾನು ಒಳಗೆ ಮಗ್ಗದ ಮೇಲಿದ್ದೆ. ಪಟಾಕಿ ಒದ್ದೆಯಾಗಿ ಸಿಡಿದಂಥ ಒಂದು ಸದ್ದು ಕೇಳಿತು. ಎದ್ದು ಹೋದೆ. ಅವರು ಮಗ್ಗುಲಾಗಿ ಮಲಗಿದ್ದರು. ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಕನ್ನಡಕ ಸೊಟ್ಟಗಾಗಿರಲೂ ಇಲ್ಲ.

ಆಸ್ಪತ್ರೆಯಲ್ಲಿ ಹೃದಯ ನಿಂತಿದೆ ಎಂದರು. ಅತ್ತೆ ಪೆದ್ದಮ್ಮ, ಶಿವರಾಮನ ತಂದೆಯೂ ಹೀಗೇ ಕೂತಲ್ಲೇ ಹೋದರು, ಇದು ವಂಶದಲ್ಲಿ ಬಂದದ್ದು ಎನ್ನುತ್ತಾರೆ. ಅತ್ತಿಗೆಯಾದ ನನ್ನನ್ನು ತೆಲುಗಿನಲ್ಲಿ ವದಿನಾ ಎನ್ನುವ ಮೈದುನ ನಾಗಾರ್ಜುನ, "ಪ್ಲಗ್ ಕಿತ್ತಿತ್ತು ವದಿನಾ, ನಾನೇ ನೋಡೀನಿ. ಕರೆಂಟೇ ಇಲ್ದಲೆ ಹೆಂಗೆ ಹೊಡೀತೈತೆ?" ಎನ್ನುತ್ತಾನೆ. ಊರೆಲ್ಲ ಅದನ್ನೇ ಹೇಳುತ್ತದೆ. ನಾನೂ ಹೂಂ ಎನ್ನುತ್ತೇನೆ.

ಲೈಟಿನ ವಿಷಯ ನಿಮಗೆ ಗೊತ್ತು. ಪ್ಲಗ್ ಕಿತ್ತ ಮೇಲೂ ಅದು ಕೊಲ್ಲುತ್ತದೆಯೇ? ಇಷ್ಟು ಹೇಳಿದರೆ ಸಾಕು. ಫೋನ್ ಮಾಡಬೇಡಿ. ನಮ್ಮ ಮನೆಯಲ್ಲಿ ಒಂದು ಕಡೆ ಮಾತಾಡಿದರೆ ಎಲ್ಲ ಕಡೆಗೂ ಕೇಳುತ್ತದೆ.

ಉತ್ತರ ಬರೆಯುವಿರೆಂದು ನಂಬಿದ,
ಪದ್ಮಶ್ರೀ


ಚಳ್ಳಕೆರೆ
14 ಮೇ 2024

ಪದ್ಮಶ್ರೀ ಅವರೇ,

ಕೊಲ್ಲುತ್ತದೆ.

ಸುತ್ತಿ ಬಳಸಿ ಹೇಳಿದರೆ ನಿಮಗೆ ಉಪಯೋಗವಿಲ್ಲ ಎಂದು ಮೊದಲೇ ಬರೆದುಬಿಟ್ಟೆ. ಮನೆಯ ಬಲ್ಬಿನ ಹಾಗಲ್ಲ ಆ ಲೈಟು. ಅದರ ಹೊಟ್ಟೆಯಲ್ಲಿ ಕೆಪಾಸಿಟರ್ ಎಂಬ ಡಬ್ಬಿಗಳಿರುತ್ತವೆ. ಅವು ಕರೆಂಟನ್ನು ತುಂಬಿಟ್ಟುಕೊಂಡು, ಬಟನ್ ಒತ್ತಿದಾಗ ಒಂದೇ ಏಟಿಗೆ ಸುರಿಯುತ್ತವೆ. ಆ ಬೆಳಕು ಬರುವುದೇ ಹಾಗೆ. ಪ್ಲಗ್ ಕಿತ್ತರೆ ಹೊಸದಾಗಿ ತುಂಬುವುದು ನಿಲ್ಲುತ್ತದೆ ಅಷ್ಟೇ. ತುಂಬಿದ್ದು ಒಳಗೇ ಇರುತ್ತದೆ. ಒಳ್ಳೆಯ ಲೈಟಿನಲ್ಲಿ ಅದನ್ನು ಮೆಲ್ಲಗೆ ಇಳಿಸುವ ಏರ್ಪಾಡು ಇರುತ್ತದೆ. ಹಳೆಯದರಲ್ಲಿ ಅದು ಸುಟ್ಟುಹೋಗಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಅದರಲ್ಲೂ ಹೊಡೆಯದೆ ನಿಂತ ಫ್ಲ್ಯಾಶ್ ಎಂದರೆ ತುಂಬಿದ್ದನ್ನು ಸುರಿಯದೆ ಹಾಗೇ ಇಟ್ಟುಕೊಂಡದ್ದು. ಕೆಟ್ಟಿದೆ ಎಂದು ಬಿಚ್ಚುವುದು ಅದನ್ನೇ.

ಅವರ ಹೃದಯ ಹೇಗಿತ್ತೋ ಗೊತ್ತಿಲ್ಲ, ನಾನು ವೈದ್ಯೆಯಲ್ಲ. ಆದರೆ ನೀವು ಬರೆದದ್ದನ್ನು ಓದಿದ ಮೇಲೆ ನನಗೆ ಅನುಮಾನ ಉಳಿದಿಲ್ಲ.

ಈಗ ಮಾಡಬೇಕಾದದ್ದು. ಬಿಚ್ಚಿದ ಲೈಟನ್ನು ಯಾರೂ ಮುಟ್ಟಬೇಡಿ, ಗುಡಿಸಲೂ ಹೋಗಬೇಡಿ. ಉಳಿದವನ್ನು ಪ್ಲಗ್ಗಿಗೆ ಹಾಕಬೇಡಿ. ಕೋಣೆಗೆ ಬೀಗ ಹಾಕಿ. ಸ್ಕ್ರೂಡ್ರೈವರ್ ತಾಗಿಸಿ ಕರೆಂಟು ಇಳಿಸುತ್ತೇನೆ ಎಂದು ಯಾರಾದರೂ ಬಂದರೆ ಬಾಗಿಲಿಂದಲೇ ಕಳಿಸಿಬಿಡಿ.

ಮಣ್ಣಿಗೆ ಬಂದಿದ್ದೆ. ಹಿಂದೆ ನಿಂತು ನೋಡಿ ಹೋದೆ.

ಕಾಂಚನಾ


ಮೊಳಕಾಲ್ಮೂರು
30 ಮೇ 2024

ಕಾಂಚನಕ್ಕ ಅವರಿಗೆ,

ಬೀಗ ಹಾಕಿದೆ. ಬೀಗದ ಕೈ ನನ್ನ ಹತ್ತಿರವೇ ಇದೆ. ಯಾಕೆ ಎಂದು ಯಾರೂ ಕೇಳಲಿಲ್ಲ. ಗಂಡ ಹೋದವಳು ಏನು ಮಾಡಿದರೂ ಈಗ ಯಾರೂ ಕೇಳುವುದಿಲ್ಲ.

ನಿಮ್ಮ ಪತ್ರ ಓದಿದಾಗ ಏನಾದರೂ ಅನ್ನಿಸುತ್ತದೆ ಎಂದುಕೊಂಡಿದ್ದೆ. ಏನೂ ಅನ್ನಿಸಲಿಲ್ಲ. ಮಡಚಿಟ್ಟು ಮತ್ತೆ ಮಗ್ಗದ ಗುಂಡಿಗೆ ಇಳಿದೆ. ಅಂಚಿನಲ್ಲಿ ಒಂದು ಎಳೆ ತಪ್ಪಿತ್ತು. ಬಿಚ್ಚಿ ಸರಿ ಮಾಡಿದೆ. ಪಕ್ಕದ ಮನೆಯ ಕೊಲ್ಲಾಪುರಮ್ಮ ಬಂದು, "ಅತ್ತುಬಿಡೇ ತಾಯಿ, ಒಳಗಿಟ್ಕಂಡ್ರೆ ಕೆಟ್ಟದ್ದು" ಅಂದರು. ಅಳು ಎಲ್ಲಿದೆಯೋ ನನಗೆ ಗೊತ್ತಿಲ್ಲ. ಇದ್ದಿದ್ದರೆ ಅತ್ತುಬಿಡುತ್ತಿದ್ದೆ.

ಕೋಣೆಯಲ್ಲಿರುವುದು ಎರಡೇ ಲೈಟು. ಮೂರನೆಯದು ಇಲ್ಲ. ಕಾರ್ಯ ಮುಗಿದ ವಾರದಲ್ಲೇ ನಾಗಾರ್ಜುನ ಅದನ್ನು ಕೊಂಡ್ಲಹಳ್ಳಿಯ ಎರ್ರಿಸ್ವಾಮಿಗೆ ಕೊಟ್ಟುಬಿಟ್ಟನಂತೆ. ಎರ್ರಿಸ್ವಾಮಿ ಮದುವೆ, ಸೀಮಂತದ ಫೋಟೊ ತೆಗೆಯುತ್ತಾನೆ. ಬಿಚ್ಚದಿದ್ದ ಎರಡನ್ನೂ ಕೊಡುವವನಿದ್ದನಂತೆ, ಎರ್ರಿಸ್ವಾಮಿಯ ಗಾಡಿಯಲ್ಲಿ ಜಾಗವಿರಲಿಲ್ಲ. ಕಣ್ಣಿಗೆ ಬೀಳದಿದ್ದರೆ ಸಾಕು ಎಂದು ಕೊಟ್ಟಿರಬೇಕು.

ಇದನ್ನು ನಿಮಗೆ ಹೇಳಬೇಕು ಅನ್ನಿಸಿತು.

ಪದ್ಮಶ್ರೀ


ಚಳ್ಳಕೆರೆ
4 ಜೂನ್ 2024

ಪದ್ಮಶ್ರೀ,

ನಿಮ್ಮ ಪತ್ರ ಕೈಗೆ ಬಂದ ಕೂಡಲೇ ಎರ್ರಿಸ್ವಾಮಿಗೆ ಫೋನ್ ಮಾಡಿದೆ. ಈ ಕೆಲಸದವರು ಒಬ್ಬರಿಗೊಬ್ಬರು ಗೊತ್ತು. ಲೈಟು ಬಳಸಬೇಡ, ಶಿವರಾಮನನ್ನು ಕೊಂದದ್ದು ಅದರ ಜೊತೆಯದೇ, ಒಂದೇ ಕಡೆ ಒಂದೇ ಸಲ ತಂದದ್ದು ಎಂದೆ. ಅವನು ನಕ್ಕ. "ಅಕ್ಕಾ, ಚೆನ್ನಾಗಿ ಹೊಡೀತೈತೆ. ನಿಮ್ದು ದೊಡ್ ಸ್ಟುಡಿಯೋ. ಹಳ್ಳಿಯಾಗೆ ನಂದೂ ಈಗ ನಡೀತೈತೆ. ಅದ್ಯಾಕೆ ನಿಮಗೆ ಹೊಟ್ಟೆ ಉರಿ?" ಎಂದ. ಶಿವರಾಮ ಹೋದದ್ದು ಎದೆನೋವಿನಿಂದ, ಮನೆಯವರೇ ಹೇಳಿದ್ದಾರೆ ಎಂದ.

ಅವನು ಬಿಚ್ಚದೆ ಇರುವವರೆಗೆ ಸರಿ. ಆದರೆ ಹಳೆಯ ಲೈಟು ಒಂದಲ್ಲ ಒಂದು ದಿನ ಹೊಡೆಯದೆ ಕೈ ಕೊಡುತ್ತದೆ. ನಮ್ಮ ಕಡೆ ಯಾರೂ ಬೆಂಗಳೂರಿಗೆ ರಿಪೇರಿಗೆ ಕಳಿಸುವುದಿಲ್ಲ. ಅಂಗಳದಲ್ಲಿ ಇಟ್ಟುಕೊಂಡು ಬಿಚ್ಚುತ್ತಾರೆ.

ನನ್ನ ಮಾತನ್ನು ಅವನು ವ್ಯಾಪಾರದ ಮಾತು ಎಂದುಕೊಂಡ. ನೀವು ಹೇಳಿದರೆ ಹಾಗೆಂದುಕೊಳ್ಳಲಾರ. ಇದನ್ನು ನಿಮ್ಮ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ಆದರೂ ಬರೆಯುತ್ತಿದ್ದೇನೆ.

ಹೋದರೆ, ಲೈಟನ್ನು ಎತ್ತಿಕೊಂಡು ಬರಬೇಡಿ. ಯಾರೂ ಮುಟ್ಟದ ಹಾಗೆ ಇಡಿಸಿ, ಸಾಕು. ಮುಂದಿನದು ನನಗೆ ಬಿಡಿ.

ಕಾಂಚನಾ


ಮೊಳಕಾಲ್ಮೂರು
18 ಜುಲೈ 2024

ಕಾಂಚನಕ್ಕ,

ಇಷ್ಟು ದಿನ ಉತ್ತರ ಬರೆಯದ್ದಕ್ಕೆ ಕಾರಣವಿದೆ. ಅದನ್ನೇ ಮೊದಲು ಬರೆಯುತ್ತೇನೆ.

ಆ ದಿನ ಸೀರೆಯವರು ಹೊರಗೆ ಕಾಯುತ್ತಿದ್ದರು ಎಂದು ಬರೆದಿದ್ದೆ. ಅವರನ್ನು ಕರೆತಂದವನು ನಾಗಾರ್ಜುನ. ಲೈಟು ಹೊಡೆಯದಿದ್ದಾಗ ಇವರು, "ಇವತ್ತು ಬೇಡ, ನಾಳೆ ನೋಡಾನ" ಅಂದರು. ಅವನು ಬಾಗಿಲಲ್ಲಿ ನಿಂತು, "ವಿಪ್ಪಿ ಚೂಡನ್ನಾ, ಐದು ನಿಮಿಷದ ಕೆಲಸ" ಅಂದ. ಬಿಚ್ಚಿ ನೋಡು ಅಂತ. ಮಗ್ಗದ ಮೇಲೆ ಕೂತು ನಾನು ಅದನ್ನು ಕೇಳಿದೆ. ನಾನು ಕೇಳಿದ್ದು ಅವನಿಗೆ ಗೊತ್ತಿಲ್ಲ.

ಎದೆ ನಿಂತು ಹೋದರು ಎಂದರೆ ಅವನು ಹೇಳಿದ್ದು ಬರೀ ಮಾತು. ಲೈಟು ಹೊಡೆದು ಹೋದರು ಎಂದರೆ ಅದು ಬರೀ ಮಾತಲ್ಲ. ಅದಕ್ಕೇ ಅವನು ದಿನಕ್ಕೆಷ್ಟು ಸಲ ಪ್ಲಗ್ಗಿನ ಮಾತು ಆಡುತ್ತಾನೋ. ಊಟಕ್ಕೆ ಕೂತಾಗ, ಯಾರೂ ಕೇಳದಿದ್ದರೂ, "ಪ್ಲಗ್ ಕಿತ್ತಿತ್ತು" ಎನ್ನುತ್ತಾನೆ. ನಾನು ಕೊಂಡ್ಲಹಳ್ಳಿಗೆ ಹೋಗಿ ನಿಜ ಹೇಳಿದರೆ ಅದು ಮೊಳಕಾಲ್ಮೂರಿಗೆ ಬರುವುದಕ್ಕೆ ಹೊತ್ತು ಬೇಕಿಲ್ಲ. ಈ ಮನೆಯಲ್ಲಿ ಒಬ್ಬ ಮಗ ಹೋಗಿದ್ದಾನೆ. ಉಳಿದವನೂ ಹೋಗುವ ಹಾಗೆ ಮಾಡಲೇ ಎಂದು ಯೋಚಿಸಿದೆ. ಯೋಚಿಸಿದೆ ಎನ್ನುವುದೂ ಸುಳ್ಳು. ಸುಮ್ಮನೆ ಇದ್ದುಬಿಟ್ಟೆ. ನಿಮ್ಮ ಪತ್ರ ಅಕ್ಕಿ ಡಬ್ಬದ ಮೇಲಿತ್ತು. ಅಡುಗೆ ಮಾಡುವಾಗ ಕಾಣುತ್ತಿತ್ತು.

ಮೊನ್ನೆ ಕೊಲ್ಲಾಪುರಮ್ಮನ ತಂಗಿಯ ಮಗಳು ಕೊಂಡ್ಲಹಳ್ಳಿಯಿಂದ ಬಂದಿದ್ದಳು. ತನ್ನ ಸೀಮಂತದ ಫೋಟೊ ತೋರಿಸಿದಳು. ಎರ್ರಿಸ್ವಾಮಿ ತೆಗೆದದ್ದು. ಹಸಿರು ಸೀರೆ, ಕೈ ತುಂಬ ಬಳೆ. "ಅರ್ಧಕ್ಕೇ ಲೈಟು ಕೈ ಕೊಡ್ತಕ್ಕಾ, ಇಲ್ಲದಿದ್ರೆ ಇನ್ನೂ ತೆಗಿಯಾನು" ಅಂದಳು. ಫೋಟೊ ವಾಪಸ್ ಕೊಟ್ಟು ಒಳಗೆ ಹೋಗಿ ಸೀರೆ ಬದಲಿಸಿದೆ. ನಾಗಾರ್ಜುನನಿಗೆ ಬೈಕು ತೆಗೆ ಅಂದೆ. ಎಲ್ಲಿಗೆ ಎಂದು ಹೇಳಿದೆ, ಯಾಕೆ ಎಂದು ಹೇಳಲಿಲ್ಲ.

ಎರ್ರಿಸ್ವಾಮಿಯ ಅಂಗಡಿ ಅವನ ಮನೆಯ ಪಡಸಾಲೆಯಲ್ಲೇ ಇದೆ. ಅವನ ಹೆಂಡತಿ ಯರ್ರಮ್ಮ ಕಡಲೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ಲೈಟು ಮೇಜಿನ ಮೇಲಿತ್ತು. ಪ್ಲಗ್ ಕಿತ್ತಿತ್ತು. ಪಕ್ಕದಲ್ಲಿ ಎರಡು ಸ್ಕ್ರೂ ತೆಗೆದಿಟ್ಟಿದ್ದ.

"ಬರ್ರಿ ಅಮ್ಮಾ, ಕುಂತ್ಕಳ್ರಿ," ಎಂದ ಎರ್ರಿಸ್ವಾಮಿ. "ಇದೊಂದು ಯಾಕೋ ಹೊಡಿಯಾಕೊಲ್ದು. ಒಳಗೇನಾಗೈತೋ ನೋಡಾನ ಅಂತ."

"ಬಿಚ್ಚಬೇಡಿ," ಎಂದೆ.

"ಪ್ಲಗ್ ಕಿತ್ತೀನಿ ಬಿಡ್ರಿ."

"ನಮ್ಮನೆಯವರೂ ಕಿತ್ತಿದ್ರು."

ಅವನು ನನ್ನ ಮುಖ ನೋಡಿದ. ನಾನು ಹೇಳಿದೆ. ಸ್ವಿಚ್ ಆರಿಸಿದ್ದು, ಪ್ಲಗ್ ಕಿತ್ತದ್ದು, ಬಿಚ್ಚಿದ್ದು, ಸದ್ದು, ಅವರು ಮಲಗಿದ್ದ ರೀತಿ. ಯಾರ ಮುಂದೆಯೂ ನಾನು ಅದನ್ನು ಬಾಯಿ ಬಿಟ್ಟು ಹೇಳಿರಲಿಲ್ಲ. ಬೇರೆ ಯಾರದೋ ಮನೆಯ ಸುದ್ದಿ ಹೇಳಿದ ಹಾಗೆ ಹೇಳಿದೆ. "ಎದೆನೋವು ಅಂತ ನಾವೇ ಹೇಳಿದ್ವಿ. ಅದಲ್ಲ. ಅವರನ್ನ ಲೈಟು ಹೊಡೀತು" ಎಂದೆ.

ಎರ್ರಿಸ್ವಾಮಿ ಎರಡೂ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. "ನಾಳೆ ಒಂದು ನಾಮಕರಣ ಒಪ್ಕಂಡೀನಿ" ಎಂದ, ಏನಾದರೂ ಹೇಳಬೇಕಲ್ಲ ಎಂಬಂತೆ.

ಯರ್ರಮ್ಮ ಅವನ ಕಡೆಗೆ ತಿರುಗಿ, "ಬಿಸಿಲಾಗೆ ತೆಗಿ. ಮಗು ಅಂಗಳದಾಗೇ ಚೆಂದ ಕಾಣ್ತೈತೆ" ಎಂದಳು. ನಮ್ಮನ್ನೆಲ್ಲ ಹೊರಗೆ ಕಳಿಸಿ, ಪಡಸಾಲೆಯ ಬಾಗಿಲು ಎಳೆದು, ಚಿಲಕಕ್ಕೆ ಹಗ್ಗ ಸುತ್ತಿ ಗಂಟು ಹಾಕಿದಳು. ಚಳ್ಳಕೆರೆಯಿಂದ ಕಾಂಚನಕ್ಕ ಬರುತ್ತಾರೆ, ಅಲ್ಲಿಯವರೆಗೆ ತೆಗೆಯಬೇಡಿ ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು, ಬಿಡಲೇ ಇಲ್ಲ. ಎಷ್ಟು ಹೊತ್ತಾದರೂ ಬಿಡಲಿಲ್ಲ. ಕಡಲೆಕಾಯಿ ಸಿಪ್ಪೆಯ ಮಣ್ಣು ಅಂಟಿದ ಕೈ.

ನಾನು ಹೇಳುವಾಗೆಲ್ಲ ನಾಗಾರ್ಜುನ ಹೊಸ್ತಿಲಲ್ಲಿ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡ.

ಬರುವಾಗ ಬಂಡೆಗಳ ಹತ್ತಿರ ಬೈಕು ನಿಲ್ಲಿಸಿದ. ಇಳಿದು ರಸ್ತೆ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ನಾನು ಬೈಕಿನ ಹತ್ತಿರವೇ ನಿಂತೆ. ಕುರಿಗಳು ಹೋದವು. ಕುರಿಯವನು ನಮ್ಮನ್ನು ನೋಡುತ್ತಾ ಹೋದ.

"ನಾನೇ ಅಂದಿದ್ದು ವದಿನಾ, ಬಿಚ್ಚಿ ನೋಡು ಅಂತ," ಎಂದ.

"ಗೊತ್ತು."

"ಗೊತ್ತಾ?"

"ಕೇಳಿಸ್ತು ಆವತ್ತು."

ನಿನ್ನ ತಪ್ಪಲ್ಲ ಎಂದು ಆಗ ಹೇಳಬೇಕಿತ್ತು. ಎಲ್ಲರೂ ಹಾಗೇ ಹೇಳುತ್ತಾರೆ. ನನ್ನ ಬಾಯಿಂದ ಬರಲಿಲ್ಲ. ನಿನ್ನ ತಪ್ಪು ಎಂದೂ ಬರಲಿಲ್ಲ. ಹೊತ್ತಾಯಿತು, ಅತ್ತೆ ಕಾಯುತ್ತಾರೆ ಎಂದೆ. ಅವನು ಎದ್ದು ಬೈಕು ಸ್ಟಾರ್ಟ್ ಮಾಡಿದ.

ಆ ಮೇಲೆ ಅವನು ಪ್ಲಗ್ಗಿನ ಮಾತು ಎತ್ತಿಲ್ಲ.

ನೀವು ಬೇಗ ಬಂದರೆ ಒಳ್ಳೆಯದು.

ಪದ್ಮಶ್ರೀ


ಚಳ್ಳಕೆರೆ
21 ಆಗಸ್ಟ್ 2024

ಪದ್ಮಶ್ರೀ,

ನಿಮ್ಮ ಮನೆಗೆ ಬಂದು ಹೋದ ಮೇಲೆ ನಿನ್ನನ್ನು ನೀವು ಎಂದು ಬರೆಯಲು ಕೈ ಬರುತ್ತಿಲ್ಲ. ನೀನು ಎನ್ನುತ್ತೇನೆ.

ನಾನು ಜೋಪಾನವಾಗಿ ಒಯ್ದ ಮೂರೂ ಲೈಟುಗಳನ್ನು ಬೆಂಗಳೂರಿನ ರಿಪೇರಿಯವರು ನೋಡಿದರು. ನಾನು ನಂಬುವ ಜನ ಅವರು. ತುಂಬಿದ ಕರೆಂಟನ್ನು ಇಳಿಸುವ ಭಾಗ ಮೂರರಲ್ಲೂ ಸುಟ್ಟು ಕಪ್ಪಾಗಿತ್ತಂತೆ. ಹಿಂದೆ ಯಾರೋ ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಹಾಕಿದ್ದರು. ಇವು ಸರಿಯಾಗುವ ಲೈಟುಗಳಲ್ಲ, ಭಾಗ ಬಿಡಿಸಿ ಗುಜರಿಗೆ ಹಾಕುತ್ತೇವೆ ಎಂದರು. ಹಾಕಿ ಎಂದೆ. ಎರ್ರಿಸ್ವಾಮಿಗೂ ತಿಳಿಸಿದೆ. ಈ ಸಲ ಅವನು ನಗಲಿಲ್ಲ.

ನನಗೂ ಶಿವರಾಮನಿಗೂ ಬಂದ ಮಾತು ಏನು ಎಂದು ಗೊತ್ತಿಲ್ಲ ಅಂತ ನೀನು ಮೊದಲ ಪತ್ರದಲ್ಲಿ ಬರೆದಿದ್ದೆ. ದೊಡ್ಡದೇನಲ್ಲ. ಫ್ಲ್ಯಾಶ್ ಬಿಚ್ಚಬೇಡ ಲೇ ಎಂದೆ. "ಅಷ್ಟೂ ನಂಬಿಕೆ ಇಲ್ವಾ ಅಕ್ಕಾ ನನ್ ಮ್ಯಾಲೆ?" ಎಂದ. ಇಲ್ಲ ಎಂದೆ. ಮಾರನೆಯ ದಿನದಿಂದ ಬರಲಿಲ್ಲ. ಮಾತು ಬಿಟ್ಟ ಮೇಲೆ ಎಷ್ಟೋ ಸಲ ಫೋನ್ ಮಾಡೋಣ ಎಂದುಕೊಂಡಿದ್ದಿದೆ. ಅವನೇ ಮಾಡಲಿ ಎಂದೂ ಅನ್ನಿಸುತ್ತಿತ್ತು. ಈಗ ಸ್ಟುಡಿಯೋದಲ್ಲಿ ಯಾರನ್ನೂ ಲೇ ಎಂದು ಕರೆಯುವುದಿಲ್ಲ.

ಇನ್ನೊಂದು ವಿಷಯ. ನಾನು ಬಂದ ದಿನ ನಿಮ್ಮ ಓಣಿಯ ನೇಕಾರರು, ಫೋಟೊಗೆ ಈಗ ಹೊರ ಊರಿಗೆ ಹೋಗಬೇಕು, ಸೀರೆ ಮಾಸಿ ಬರುತ್ತದೆ ಎಂದು ಹೇಳಿಕೊಂಡರು. ನೀನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ನಿನಗೆ ಸೀರೆ ಗೊತ್ತು. ಯಾವ ಮಡಿಕೆಯಲ್ಲಿ ಸೆರಗು ಬೆಳಗುತ್ತದೆ ಎಂಬುದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಲೈಟು ನಾನು ಕಲಿಸುತ್ತೇನೆ. ನನ್ನ ಹತ್ತಿರ ಎರಡು ಒಳ್ಳೆಯವು ಹೆಚ್ಚಿಗೆ ಇವೆ, ನಿನ್ನ ಕೋಣೆಯಲ್ಲಿ ಇರಲಿ.

ಹೆದರಿಕೆ ಇರುತ್ತದೆ. ಹೋಗು ಎಂದರೆ ಹೋಗುವುದಿಲ್ಲ, ಅದು ಇದ್ದರೂ ತಪ್ಪಿಲ್ಲ. ನಾನು ಈಗಲೂ ಪ್ಲಗ್ಗಿಗೆ ಹಾಕುವ ಮುಂಚೆ ವೈರನ್ನು ಬೆರಳಲ್ಲಿ ಸವರಿ ನೋಡುತ್ತೇನೆ, ಎಲ್ಲಾದರೂ ಸುಲಿದಿದೆಯೇ ಎಂದು. ಮೂರು ಕಾಲಿನ ಪ್ಲಗ್ಗಿನಲ್ಲಿ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥ್ ಕಾಲು ಮುರಿದಿದ್ದರೆ ಆ ದಿನ ಕೆಲಸವಿಲ್ಲ. ಸ್ಟ್ಯಾಂಡಿನ ಕಾಲಿಗೆ ಮರಳಿನ ಚೀಲ ಹಾಕದೆ ಲೈಟು ಮೇಲೇರಿಸುವುದಿಲ್ಲ. ಬಿಸಿಯಾದ ಫ್ಲ್ಯಾಶ್ ಟ್ಯೂಬನ್ನು ಮುಟ್ಟುವುದಿಲ್ಲ, ಆರಿದ ಮೇಲೂ ಬರಿಗೈಯಲ್ಲಿ ಮುಟ್ಟುವುದಿಲ್ಲ. ಬಹಳ ದಿನ ಮೂಲೆಯಲ್ಲಿದ್ದ ಲೈಟನ್ನು ಒಮ್ಮೆಲೇ ಪೂರ್ತಿ ಬೆಳಕಿಗೆ ಹಾಕುವುದಿಲ್ಲ, ಕಡಿಮೆಯಲ್ಲಿಟ್ಟು ಎಚ್ಚರಗೊಳ್ಳಲು ಬಿಡುತ್ತೇನೆ. ಹೊಡೆಯದಿದ್ದರೆ ಆರಿಸಿ, ಪ್ಲಗ್ ಕಿತ್ತು, ದೂರ ಇಟ್ಟು, ಗಿರಾಕಿಗೆ ಇವತ್ತು ಆಗುವುದಿಲ್ಲ ಎನ್ನುತ್ತೇನೆ. ಆ ಮಾತು ಹೇಳುವುದೇ ಎಲ್ಲಕ್ಕಿಂತ ಕಷ್ಟ. ಕೆಲವರು ಮತ್ತೆ ಬರುವುದಿಲ್ಲ. ಹೋಗಲಿ.

ಬರುತ್ತೀಯಾ, ಇಲ್ಲವಾ, ನಿನಗೆ ಬಿಟ್ಟದ್ದು. ಅವಸರವಿಲ್ಲ.

ನಿನ್ನ
ಕಾಂಚನಕ್ಕ


ಮೊಳಕಾಲ್ಮೂರು
22 ಸೆಪ್ಟೆಂಬರ್ 2024

ಕಾಂಚನಕ್ಕ,

ಬರುತ್ತೇನೆ. 30ನೇ ತಾರೀಕು ಸೋಮವಾರದ ಬೆಳಗಿನ ಬಸ್ಸಿಗೆ. ಅತ್ತೆ ಒಪ್ಪಿದ್ದಾರೆ. ಹೇಗೆ ಒಪ್ಪಿದರು ಎಂದು ಬರೆಯುತ್ತೇನೆ, ಯಾಕೆಂದರೆ ಬೇರೆ ಯಾರಿಗೂ ಹೇಳುವಂತಿಲ್ಲ.

ನಿಮ್ಮ ಪತ್ರವನ್ನು ನಾಗಾರ್ಜುನನ ಕೈಗೇ ಕೊಟ್ಟೆ, ಓದು ಎಂದು. ಅವನು ಮಗ್ಗದ ಮುಂದೆ ನಿಂತು ಓದಿದ. ಮೂರರಲ್ಲೂ ಸುಟ್ಟಿತ್ತು ಎಂಬಲ್ಲಿಗೆ ಬಂದು ನಿಲ್ಲಿಸಿದ. ಮತ್ತೆ ಮೊದಲಿಂದ ಓದಿದ. ವಾಪಸ್ ಕೊಟ್ಟ. ಅಂದಿನಿಂದ ಅವನು ಮನೆಯಲ್ಲಿ ಊಟ ಮಾಡುವುದು ಕಡಿಮೆಯಾಯಿತು. ಹೋಟೆಲಿನಲ್ಲಿ ತಿಂದೆ ಎನ್ನುತ್ತಿದ್ದ. ತಿಂದಿರುತ್ತಿರಲಿಲ್ಲ, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅತ್ತೆಗೂ ಗೊತ್ತಾಗುತ್ತಿತ್ತು.

ನಿನ್ನೆ ಮಧ್ಯಾಹ್ನ ಅತ್ತೆ ಅವನನ್ನು ಎಳೆದು ಕೂರಿಸಿ ತಟ್ಟೆ ಇಟ್ಟರು. ನಾನು ಒಲೆಯ ಹತ್ತಿರ ಇದ್ದೆ. ಅವನು ಅನ್ನ ಕಲಸಿದ, ಬಾಯಿಗಿಡಲಿಲ್ಲ.

"ಅಮ್ಮಾ, ಅಣ್ಣನ್ನ ಹೊಡೆದಿದ್ದು ಲೈಟೇ," ಎಂದ. "ನಾಳೆ ನೋಡಾನ ಅಂದಿದ್ದ ಅವನು. ನಾನೇ ಬಿಚ್ಚು ಅಂದೆ."

ಅತ್ತೆ ಸಾರಿನ ಸೌಟು ಹಿಡಿದುಕೊಂಡೇ ನಿಂತರು. ನಾನು ಒಲೆ ಆರಿಸಿದೆ. ಅವರು ಕಿರುಚಬಹುದು, ಅವನನ್ನು ಹೊಡೆಯಬಹುದು, ಬೀಳಬಹುದು ಎಂದುಕೊಂಡೆ. ಏನೂ ಆಗಲಿಲ್ಲ. ಅವರು ಬಗ್ಗಿ ಅವನ ತಟ್ಟೆಗೆ ಸಾರು ಹಾಕಿದರು.

"ನೀನು ಹೇಳದಿದ್ರೂ ಬಿಚ್ತಿದ್ದ," ಎಂದರು. "ಮಲಗಾಕೆ ಹೋಗಿ ಎದ್ದು ಬಂದು ಬಿಚ್ತಿದ್ದ. ಅವನಪ್ಪನ ರೇಡಿಯೋ ಬಿಚ್ಚಿದ, ಗಡಿಯಾರ ಬಿಚ್ಚಿದ, ನನ್ನ ಹೊಲಿಗೆ ಮಿಷನ್ನು ಬಿಚ್ಚಿಟ್ಟು ಎರಡು ಸ್ಕ್ರೂ ಕಳೆದ. ಮುಚ್ಚಿದ್ದನ್ನ ನೋಡಿದ್ರೆ ಅವನಿಗೆ ನಿದ್ದೆ ಬರ್ತಿರಲಿಲ್ಲ. ನಾನು ಹೆತ್ತೋಳು, ನನಗೆ ಗೊತ್ತಿಲ್ವಾ?"

ನಾಗಾರ್ಜುನ ತಲೆ ಎತ್ತಲಿಲ್ಲ. ಅವನ ಹೆಗಲು ಅಲುಗುತ್ತಿತ್ತು. ಅತ್ತೆ ಅವನ ತಲೆಯ ಮೇಲೆ ಕೈ ಇಡಲಿಲ್ಲ, ಸಮಾಧಾನ ಹೇಳಲಿಲ್ಲ. ಅವರ ದನಿಯೂ ಗಟ್ಟಿಯಾಗಿರಲಿಲ್ಲ. "ತಿನು," ಎಂದರು ತೆಲುಗಿನಲ್ಲಿ. ತಿನ್ನು ಎಂದು.

ಆಮೇಲೆ ನನ್ನ ಕಡೆ ತಿರುಗಿ, "ಆ ಚಳ್ಳಕೆರೆಯಮ್ಮ ಕಲಿಸ್ತೀನಿ ಅಂದವಳೆ ಅಂತಲ್ಲ. ಹೋಗಿ ಕಲಿತು ಬಾ. ಬಿಚ್ಚೋದು ಮಾತ್ರ ಬ್ಯಾಡ," ಎಂದರು. ಹೇಳಿ ಹಿತ್ತಲಿಗೆ ಹೋದರು. ನೀರಿನ ಸದ್ದು ಬಹಳ ಹೊತ್ತು ಕೇಳಿತು. ಅವರು ಪಾತ್ರೆ ತೊಳೆಯುತ್ತಿರಲಿಲ್ಲ. ಪಾತ್ರೆಯೆಲ್ಲ ಒಳಗೇ ಇತ್ತು.

ನನಗೆ ಯಾರ ಮೇಲೂ ಕೋಪವಿಲ್ಲ ಅಕ್ಕ. ಕೋಪವಾದರೂ ಬಂದಿದ್ದರೆ ಒಳ್ಳೆಯದಿತ್ತೇನೋ. ಎಲ್ಲ ದೂರದಲ್ಲಿ ಆಗುತ್ತಿರುವ ಹಾಗೇ ಇದೆ, ಇವತ್ತಿಗೂ. ನಾಗಾರ್ಜುನ ತಟ್ಟೆಯ ಮುಂದೆ ಒಬ್ಬನೇ ಕೂತಿದ್ದ. ಈ ಮನೆಯಲ್ಲಿ ಗಂಡಸರ ಊಟ ಆದ ಮೇಲೆ ನಾವು ಕೂರುವುದು. ನಾನು ನನ್ನ ತಟ್ಟೆ ತಂದುಕೊಂಡು ಅವನ ಪಕ್ಕ ಕೂತೆ. ಅನ್ನ ಹಾಕಿಕೊಂಡೆ. ನಾನು ಮೊದಲ ತುತ್ತು ತಿಂದೆ, ಅವನೂ ತಿಂದ.

ಪದ್ಮಶ್ರೀ